ಡ್ರಾಯಿಂಗ್‌ಗೆ ಸಹಿ ಬೀಳದೆ ಇನ್ನು ಕಬ್ಬಿಣ ಕಡಿಯುವುದಿಲ್ಲ

ಮಾನ್ಯ ಗ್ರಾಹಕರೇ, ನಮಸ್ಕಾರ.

ಈ ಮಳೆಗಾಲ ಕಳೆದ ಮೇಲೆ ಒಪ್ಪಿಕೊಳ್ಳುವ ಶೀಟಿನ ಮಾಡಿನ ಕೆಲಸಗಳಿಗೆಲ್ಲ ಪದ್ಧತಿ ಬದಲಾಗುತ್ತಿದೆ. ನಾವೇ ಸೈಟಿಗೆ ಬಂದು ಅಳತೆ ತೆಗೆಯುತ್ತೇವೆ. ಪ್ರತಿಯೊಂದು ಜೋಡಣೆಯನ್ನೂ ತೋರಿಸುವ ಡ್ರಾಯಿಂಗ್ ಮಾಡಿ, ಅದಕ್ಕೆ ನಿಮ್ಮ ಮತ್ತು ಎಂಜಿನಿಯರರ ಸಹಿ ಬಿದ್ದ ಮೇಲೆಯೇ ಕಟಿಂಗ್ ಶುರು. ಒಂದು ವಾರ ಹೆಚ್ಚು ಹಿಡಿಯುತ್ತದೆ. ಡ್ರಾಯಿಂಗಿನ ಖರ್ಚನ್ನು ಕೊಟೇಶನ್ನಿನಲ್ಲಿ ಬೇರೆಯಾಗಿ ಕಾಣಿಸುತ್ತೇವೆ.

ಟೆರೇಸಿನ ಮೇಲೆ ನಾಲ್ಕು ಪೈಪ್ ನಿಲ್ಲಿಸಿ ಶೀಟು ಹೊದಿಸಲು ಇಷ್ಟೆಲ್ಲ ಯಾಕೆ ಎನ್ನಬಹುದು. ಕಾರಣ ಗಾಳಿ. ಕಟ್ಟಡಗಳ ಮೇಲೆ ಬೀಳುವ ಭಾರಗಳ ಭಾರತೀಯ ಮಾನದಂಡವಾದ ಐಎಸ್ 875ರ ಮೂರನೇ ಭಾಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಗಾಳಿಯ ವೇಗ ಹೇಳಿದರೆ ಮಂಗಳೂರಿಗೆ 39 ಹೇಳುತ್ತದೆ. 39ಕ್ಕೆ ಲೆಕ್ಕ ಹಾಕಿದರೆ ಒತ್ತಡ ಚದರ ಮೀಟರಿಗೆ 90 ಕಿಲೋ ದಾಟುತ್ತದೆ. ಅರ್ಧ ಮಿಲಿಮೀಟರ್ ಶೀಟಿನ ತೂಕ ಅಷ್ಟೇ ಜಾಗಕ್ಕೆ ಹೆಚ್ಚುಕಡಿಮೆ 5 ಕಿಲೋ! ಆ ಒತ್ತಡದಲ್ಲಿ ಎಷ್ಟು ಪಾಲು ಮಾಡನ್ನು ಮೇಲಕ್ಕೆ ಎಳೆಯುತ್ತದೆ ಎನ್ನುವುದು ಇಳಿಜಾರನ್ನೂ ಬದಿಗಳು ತೆರೆದಿವೆಯೇ ಎನ್ನುವುದನ್ನೂ ಅವಲಂಬಿಸಿದೆ. ನಮ್ಮ ಕರಾವಳಿಯ ಟೆರೇಸ್ ಮಾಡುಗಳ ಬದಿ ಸಾಮಾನ್ಯವಾಗಿ ತೆರೆದೇ ಇರುತ್ತದೆ.

ಈ ಎಳೆತ ಸ್ಕ್ರೂನಿಂದ ಶೀಟನ್ನು ಹೊರುವ ಅಡ್ಡಪಟ್ಟಿಯಾದ ಪರ್ಲಿನ್‌ಗೆ, ಅದನ್ನು ಹಿಡಿದಿಡುವ ಚಿಕ್ಕ ತುಂಡಾದ ಕ್ಲೀಟಿಗೆ, ಮಾಡನ್ನು ಹೊರುವ ತ್ರಿಕೋನಗಳ ಚೌಕಟ್ಟಾದ ಟ್ರಸ್ಸಿಗೆ, ಕಂಬಕ್ಕೆ, ಕಂಬದ ಬುಡದ ತಗಡಾದ ಬೇಸ್ ಪ್ಲೇಟಿಗೆ, ಕಡೆಗೆ ಕಾಂಕ್ರೀಟಿಗೆ ಇಳಿಯಬೇಕು. ಪೈಪಿನ ದಪ್ಪವನ್ನು ಎಲ್ಲರೂ ವಿಚಾರಿಸುತ್ತಾರೆ, ಬೇಸ್ ಪ್ಲೇಟಿನ ಬೋಲ್ಟು ಯಾವುದಕ್ಕೆ ಕಚ್ಚಿದೆ ಎಂದು ಕೇಳುವವರು ಕಡಿಮೆ. ತೆಳು ಪ್ಯಾರಪೆಟ್ ಗೋಡೆಗೆ ಬೋಲ್ಟ್ ಹೊಡೆದು ಕಂಬ ನಿಲ್ಲಿಸುವ ಕೆಲಸ ಇನ್ನು ನಮ್ಮಲ್ಲಿಲ್ಲ, ಎಷ್ಟೇ ಒತ್ತಾಯಿಸಿದರೂ. ಕಂಬ ಬರುವುದು ಕೆಳಗಿನ ಬೀಮ್ ಅಥವಾ ಕಾಲಂನ ನೇರಕ್ಕೆ.

ಪರ್ಲಿನ್ ಕೂರಬೇಕಾದದ್ದು ಟ್ರಸ್ಸಿನ ಪಟ್ಟಿಗಳು ಒಂದಕ್ಕೊಂದು ಕೂಡುವ ಜಾಗದಲ್ಲಿ. ಶೀಟಿನ ಉದ್ದಕ್ಕೆ ಹೊಂದಿಸಲು ಹೋಗಿ ಅದು ನಡುವೆ ಬಿದ್ದರೆ ಟ್ರಸ್ಸಿನ ಮೇಲಿನ ಪಟ್ಟಿ ಬಾಗತೊಡಗುತ್ತದೆ. ಹಾಗೆ ಮಾಡಲೇಬೇಕಿದ್ದರೆ ಆ ಪಟ್ಟಿಯ ಗಾತ್ರವನ್ನು ಮೊದಲೇ ಹೆಚ್ಚಿಸಬೇಕು. ತೂತುಗಳದ್ದೂ ಇದೇ ಕಥೆ. 16 ಮಿ.ಮೀ. ಬೋಲ್ಟಿಗೆ 18ರ ತೂತು, ಕೈಯಲ್ಲಿ ಗ್ಯಾಸ್ ಕಟಿಂಗ್ ಮಾಡಿದ ಅಂಚಿನಿಂದ ತೂತಿನ ಮಧ್ಯಕ್ಕೆ ಕನಿಷ್ಠ 31 ಮಿ.ಮೀ. ಬಿಡಬೇಕು. ಅಳತೆ ತಪ್ಪಿತೆಂದು ಸೈಟಿನಲ್ಲೇ ತೂತು ಅಗಲಿಸಿದರೆ ಈ ಅಂತರ ಹೋಯಿತು.

ಉಪ್ಪು ಗಾಳಿಯ ಊರುಗಳಲ್ಲಿ ಪೈಪಿನ ಬಾಯಿ ಮುಚ್ಚಿಯೇ ಕೊಡುತ್ತೇವೆ. ಬೆನ್ನಿಗೆ ಬೆನ್ನು ಸೇರಿಸಿದ ಜೋಡಿ ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಅಲ್ಲಿ ಬೇಡ. ಸಂದಿಗೆ ಬಣ್ಣದ ಬ್ರಷ್ ಹೋಗುವುದಿಲ್ಲ.

ಈಗಾಗಲೇ ಮುಂಗಡ ಕೊಟ್ಟವರ ದರವೂ ದಿನಾಂಕವೂ ಬದಲಾಗುವುದಿಲ್ಲ. ಮುಂದೆ ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವ ಯೋಚನೆಯಿದ್ದರೆ ಅಳತೆಗೆ ಬಂದ ದಿನವೇ ತಿಳಿಸಿ. ಆಮೇಲೆ ಪರ್ಲಿನ್‌ಗೆ ವೆಲ್ಡ್ ಹಾಕಿಕೊಡಿ ಎಂದರೆ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗುತ್ತದೆ, ಅದರ ಖರ್ಚು ನಿಮ್ಮದೇ.

ಇಂತಿ,
ವರ್ಕ್‌ಶಾಪಿನ ಪರವಾಗಿ