ತೂಕ ಒಬ್ಬರದು, ಲಾಟ್ ಇನ್ನೊಬ್ಬರದು

ಮಾನ್ಯ ಸಂಪಾದಕರೇ,

ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಡುವುದು ನನ್ನ ಕೆಲಸ. ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರುಗಳಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಮಾತು ಮುಟ್ಟಿಸಬೇಕಿದೆ.

ಮಂಡಿಯ ಕಂಪ್ಯೂಟರ್‌ನಲ್ಲಿ ನನ್ನ ಎರಡು ಪ್ರೋಗ್ರಾಂ ಓಡುತ್ತವೆ. ಒಂದು ತೂಕದ ಯಂತ್ರದಿಂದ ತೂಕ ಓದುತ್ತದೆ, ಇನ್ನೊಂದು ಬಿಲ್ ಮಾಡುತ್ತದೆ. ಪ್ರಿಂಟರ್ ಸಿಕ್ಕಿಹಾಕಿಕೊಂಡು ಬಿಲ್ ನಿಂತರೂ ತೂಕ ನಿಲ್ಲಬಾರದು, ಅದಕ್ಕೇ ಬೇರೆ ಬೇರೆ ಮಾಡಿದ್ದೇನೆ. ಎರಡಕ್ಕೂ ನಡುವೆ ಇರುವುದು ಶೇರ್ಡ್ ಮೆಮೊರಿ. ವಿಂಡೋಸ್‌ನ ಕ್ರಿಯೇಟ್‌ಫೈಲ್‌ಮ್ಯಾಪಿಂಗ್ ಎಂಬ ಸೌಲಭ್ಯ ಬಳಸಿ ಒಂದು ಪ್ರೋಗ್ರಾಂ ಹೆಸರಿಟ್ಟು ಜಾಗ ಮಾಡುತ್ತದೆ, ಇನ್ನೊಂದು ಅದೇ ಹೆಸರು ಹೇಳಿ ತೆರೆಯುತ್ತದೆ. ಇಬ್ಬರಿಗೂ ಕಾಣುವುದು ಒಂದೇ ಮೆಮೊರಿ. ಇದರಷ್ಟು ವೇಗದ ದಾರಿ ಇನ್ನೊಂದಿಲ್ಲ.

ಹೋದ ಸುಗ್ಗಿಯಲ್ಲಿ ಒಬ್ಬ ರೈತರು ಬಿಲ್ ಹಿಡಿದು ವಾಪಸ್ ಬಂದರು. ಅವರ ಚೀಟಿಯಲ್ಲಿ 68.4 ಕೆಜಿ, ಬಿಲ್‌ನಲ್ಲಿ 61.9. ಆ 61.9 ಅವರ ಹಿಂದೆ ನಿಂತಿದ್ದವರ ಚೀಲದ ತೂಕ! ಆರೂವರೆ ಕೆಜಿ ಒಣ ಅಡಿಕೆ ಸಣ್ಣ ಮಾತಲ್ಲ.

ನಾಲ್ಕು ದಿನ ಹುಡುಕಿದೆ. ನನ್ನ ಕಂಪ್ಯೂಟರ್‌ನಲ್ಲಿ ಒಂದು ಸಲವೂ ತಪ್ಪು ಬರಲಿಲ್ಲ. ಕೊನೆಗೆ ಕೋಡ್ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿದೆ. ಮೊದಲು ತೂಕ ಬರೆಯುತ್ತಿದ್ದೆ, ಮುಂದಿನ ಸಾಲಿನಲ್ಲಿ ಲಾಟ್ ನಂಬರ್, ಅಂದರೆ ಚೀಲ ಯಾರದೆಂದು ಹೇಳುವ ನಂಬರ್. ಆ ಎರಡು ಸಾಲುಗಳ ನಡುವೆ ಬಿಲ್ಲಿಂಗ್ ಪ್ರೋಗ್ರಾಂ ಬಂದು ಓದಿದರೆ? ಹೊಸ ತೂಕ, ಹಳೇ ಲಾಟ್. ಪರೀಕ್ಷೆಗೆಂದು ನಡುವೆ 50 ಮಿಲಿಸೆಕೆಂಡ್ ನಿಲ್ಲಿಸಿ ನೋಡಿದೆ. ಕೂಡಲೇ ತೂಕಗಳು ಅದಲು ಬದಲಾದವು.

ಒಂದು ಸಲಕ್ಕೆ ಒಬ್ಬರ ಕೈಗೆ ಮಾತ್ರ ಸಿಗುವ ಮ್ಯೂಟೆಕ್ಸ್ ಎಂಬ ಬೀಗ ಹಾಕಿದ ಮೇಲೆ ಸರಿಹೋಯಿತು. ಆದರೆ ಬರೆಯುವವರೂ ಓದುವವರೂ ಇಬ್ಬರೂ ಆ ಬೀಗ ಹಿಡಿಯಬೇಕು. ಒಬ್ಬರು ಹಿಡಿಯದೆ ನುಗ್ಗಿದರೆ ವಿಂಡೋಸ್ ತಡೆಯುವುದಿಲ್ಲ. ಬೀಗ ಹಿಡಿದ ಪ್ರೋಗ್ರಾಂ ಅರ್ಧದಲ್ಲೇ ಸತ್ತರೆ ಮುಂದಿನವರಿಗೆ 'ವೇಯ್ಟ್ ಅಬ್ಯಾಂಡನ್ಡ್' ಎಂಬ ಉತ್ತರ ಸಿಗುತ್ತದೆ. ಆಗ ಅಲ್ಲಿರುವ ತೂಕವನ್ನು ನಂಬದೆ ಮತ್ತೆ ತೂಗಿಸಬೇಕು. ಮಂಡಿಯವರು ಆ ಬಿಲ್ ತಿದ್ದಿಕೊಟ್ಟರು. ಆ ತಿಂಗಳ ಎಲ್ಲ ಬಿಲ್‌ಗಳನ್ನೂ ತೂಕದ ಪುಸ್ತಕದ ಜೊತೆ ನಾನೇ ಕೂತು ತಾಳೆ ನೋಡಿದೆ.

ಈ ವರ್ಷ ನನ್ನ ಜೊತೆ ಸೇರಿದ ಹುಡುಗ ಇಂಜಿನಿಯರಿಂಗ್ ಮುಗಿಸಿದವನು, ಜಾಣ. ಅವನ ಲ್ಯಾಬ್ ರೆಕಾರ್ಡ್ ನೋಡಿದೆ. ಶೇರ್ಡ್ ಮೆಮೊರಿ ಒಂದು ಪುಟದಲ್ಲಿ, ಬೀಗದಂತೆಯೇ ಬಳಸಬಹುದಾದ ಸೆಮಾಫೋರ್ ಇನ್ನೊಂದು ಪುಟದಲ್ಲಿ. ಎರಡೂ ಒಂದೇ ಪ್ರೋಗ್ರಾಂನಲ್ಲಿ ಸೇರಿಲ್ಲ. ಲ್ಯಾಬಿನಲ್ಲಿ ಬರೆಯುವ ಪ್ರೋಗ್ರಾಂ ಮುಗಿದ ಮೇಲೆ ಓದುವ ಪ್ರೋಗ್ರಾಂ ಓಡಿಸುತ್ತಿದ್ದರಂತೆ. ಹಾಗೆ ಮಾಡಿದರೆ ತಪ್ಪು ಎಲ್ಲಿಂದ ಬರಬೇಕು, ಅಲ್ವಾ?

ಮೇಷ್ಟ್ರುಗಳೇ, ದಯವಿಟ್ಟು ಎರಡನ್ನೂ ಒಟ್ಟಿಗೆ ಓಡಿಸಿ ತೋರಿಸಿ. ಬೀಗವಿಲ್ಲದೆ ಹತ್ತು ಲಕ್ಷ ಸಲ ಬರೆಸಿ, ಓದಿಸಿ. ಎಷ್ಟು ಸಲ ಜೋಡಿ ತಪ್ಪಿತು ಎಂದು ಮಕ್ಕಳೇ ಎಣಿಸಿ ರೆಕಾರ್ಡಿನಲ್ಲಿ ಬರೆಯಲಿ. ಬೀಗದ ಪಾಠ ಅದೇ ದಿನ ಆಗಲಿ.

— ಒಬ್ಬ ಪ್ರೋಗ್ರಾಮರ್, ಸಾಗರ