ಹೆಬ್ಬೆಟ್ಟು ತೆಗ್ದು ನೋಡು

ಕೊಪ್ಪಳ
ಭಾನುವಾರ ಮಧ್ಯಾಹ್ನ

ಪುಟ್ಟವ್ವಾ,

ನಿನ್ನೆ ಫೋನಿನ್ಯಾಗ ನೀ ಅತ್ತಿದ್ದು ಕೇಳಿ ನನಗ ಊಟಾನ ಸೇರ್ಲಿಲ್ಲ ನೋಡು. ಕೈ ಸಣ್ಣವು ಮಾಮಾ, ಆಳೆತ್ತರದ ಆ ಡಬಲ್ ಬೇಸ್ ಪಿಟೀಲು ನನಗ ಆಗಂಗಿಲ್ಲ, ವಯಲಿನ್‌ಗೇ ವಾಪಸ್ ಹೊಕ್ಕೀನಿ ಅಂದಿ. ಫೋನಿನ್ಯಾಗ ಹೇಳಿದ್ದು ಈ ಕಿವ್ಯಾಗ ಹೊಕ್ಕು ಆ ಕಿವ್ಯಾಗ ಹೋಗ್ತೈತಿ, ಅದಕ್ಕ ಬರಿಯಾಕ ಕುಂತೀನಿ.

ನಾ ಬಾಂಬೆದಾಗ ರೆಕಾರ್ಡಿಂಗಿಗೆ ಬೇಸ್ ನುಡಿಸ್ತಿದ್ದೆ ಅಂತ ನಿನಗ ಗೊತ್ತೈತಿ, ಆದ್ರ ನನ್ನ ಕೈ ನೀ ಸರಿಯಾಗಿ ನೋಡೇ ಇಲ್ಲ ಅನ್ನಿಸ್ತೈತಿ. ಒಮ್ಮೆ ಗವಿಮಠದ ಜಾತ್ರ್ಯಾಗ ಬಳಿಗಾರ ಚ್ಯಾಷ್ಟಿಗೆ 2-4 ಸೈಜಿನ ಸಣ್ಣ ಬಳಿ ನನ್ನ ಕೈಗೆ ಏರಿಸಿದ, ಸಲೀಸಾಗಿ ಹೋತು! ನಿಮ್ಮವ್ವ ಇವತ್ತಿಗೂ ಅದನ್ನ ಹೇಳ್ಕೊಂತ ನಗ್ತಾಳ.

ಲೆಕ್ಕ ಕೇಳು ಮೊದ್ಲು. ನಿನ್ನ ಬೇಸ್ ಮುಕ್ಕಾಲು ಸೈಜಿಂದು, ಮುಕ್ಕಾಲು ಅಂದ್ರ ಮಕ್ಕಳದ್ದಲ್ಲ, ದೊಡ್ಡೋರು ಬಾಳ ಮಂದಿ ಅದನ್ನ ನುಡಿಸೋದು. ತಂತಿ ಮ್ಯಾಲಿನ ತುದಿಯ ನಟ್ಟಿನಿಂದ ಕೆಳಗ ತಂತಿ ಹೊತ್ತ ಕುದುರಿ ತನಕ ಸುಮಾರು 105 ಸೆಂಟಿಮೀಟರ್. ಹಾಫ್ ಪೊಸಿಷನ್ನಿನ್ಯಾಗ, ಅಂದ್ರ ಕೈ ನಟ್ಟಿನ ಪಕ್ಕಕ್ಕೇ ಇದ್ದಾಗ, ತೋರುಬೆರಳಿಂದ ಕಿರುಬೆರಳಿಗೆ ಒಂದು ಪೂರ್ತಿ ಸ್ವರದ ಅಂತರ, ಅದು ಹತ್ತತ್ರ 11 ಸೆಂಟಿಮೀಟರ್ ಆಗ್ತೈತಿ. ವಯಲಿನ್‌ದಾಗ ಅದೇ ಜಾಗ ಮೂರೂವರಿನೂ ಇಲ್ಲ. ನೀ ವಯಲಿನ್ ಬೆರಳಿನ ಚಟ ಇಟ್ಕೊಂಡ ಬಂದೀಯಲ್ಲ, ಹಂಗಾಗಿ ಕೈ ಹರೀತೈತಿ.

ಅದಕ್ಕ ವಿಯೆನ್ನಾದಾಗ ಕಲಿಸ್ತಿದ್ದ ಸಿಮಾಂಡ್ಲ್ ಮೇಷ್ಟ್ರು 1-2-4 ಅಂತ ಇಟ್ರು, ತೋರುಬೆರಳು 1, ನಡುಬೆರಳು 2, ಕಿರುಬೆರಳು 4. ಉಂಗುರ ಬೆರಳು ನಟ್ಟಿನ ಕಡೆ ಪೊಸಿಷನ್ನಿನ್ಯಾಗ ಬ್ಯಾರೆ ಸ್ವರ ಒತ್ತಂಗಿಲ್ಲ, ಕಿರುಬೆರಳಿಗೆ ಜೋಡಿ ನಿಂದರ್ತೈತಿ ಅಷ್ಟ. ಅದ್ರಾಗೂ ನಾಕೂ ಬೆರಳು ಒಮ್ಮೆಲೆ ತಂತಿ ಮ್ಯಾಲೆ ಇಟ್ಟು ಚಾಚಿಕೊಂಡು ನಿಂದ್ರಬೇಕು ಅಂತ ಯಾವ ಕಾನೂನೂ ಇಲ್ಲ. ಕಿರುಬೆರಳು ಒತ್ತೋ ಹೊತ್ತಿಗೆ ತೋರುಬೆರಳು ಬಿಡು, ಇಡೀ ಕೈ ಆ ಕಡೆ ವಾಲ್ಲಿ. ಅಲೆಪ್ಪೋದಾಗ ಹುಟ್ಟಿದ ರಬ್ಬಾತ್ ಅನ್ನೋ ದೊಡ್ಡ ಬೇಸಿಸ್ಟ್ ಇದನ್ನ ಪಿವಟ್ ಅಂತಾರ, ಹೆಬ್ಬೆಟ್ಟು ಇದ್ದಲ್ಲೇ ಇರ್ತೈತಿ, ಕೈ ಅದರ ಮ್ಯಾಲೆ ತಿರುಗ್ತೈತಿ. ನೀ ಸಣ್ಣಾಕಿ ಇದ್ದಾಗ ಅಂಜನಾದ್ರಿಗೆ ಹೋಗಿದ್ವಿ, ನೆನಪೈತಿ? ಎರಡೆರಡು ಮೆಟ್ಲು ದಾಟ್ತೀನಂತ ಹಟ ಮಾಡಿ 575ರಾಗ ಅರ್ಧಕ್ಕೇ ಕುಂತ್ಬಿಟ್ಟಿ. ಕಾಲು ಸಣ್ಣವಿದ್ರ ಮೆಟ್ಲಿಗೊಂದು ಹೆಜ್ಜಿ, ಅಷ್ಟ.

ಈಗ ನನ್ನ ತಪ್ಪು ಹೇಳ್ತೀನಿ. ಮೊದಲ ಕಲಿಸಿದವ್ರು "ಇನ್ನಾ ಜೋರ್ ಒತ್ತು" ಅಂತಿದ್ರು, ನಾ ಹೆಬ್ಬೆಟ್ಟಿನಿಂದ ನೆಕ್ಕಿನ, ಅಂದ್ರ ಬೇಸಿನ ಉದ್ದನ ಕುತ್ತಿಗಿಯ, ಹಿಂದ ಇಕ್ಕಳದಂಗ ಹಿಚುಕ್ತಿದ್ದೆ, ಎರಡು ತಿಂಗಳು ಚಾದ ಗ್ಲಾಸ್ ಎಡಗೈಯಾಗ ಹಿಡಿಯಾಕ ಆಗಿದ್ದಿಲ್ಲ, ಮಣಿಕಟ್ಟಿಗೆ ಪಟ್ಟಿ ಕಟ್ಕೊಂಡು ಓಡಾಡಿದೆ. ಆಮ್ಯಾಲೆ ಒಬ್ಬ ಹಿರಿಯ ಜೊತೆಗಾರ ನನ್ನ ಹೆಬ್ಬೆಟ್ಟು ಹಿಡಿದು ನೆಕ್ಕಿಂದ ಎತ್ತಿಬಿಟ್ಟ, "ಈಗ ನುಡ್ಸು" ಅಂದ. ಸ್ವರ ಬರ್ಲಿಲ್ಲ, ಬರೀ ಗೊರ್ ಗೊರ್. ದಿನಾ ಐದು ನಿಮಿಷ ಹೆಬ್ಬೆಟ್ಟು ಗಾಳ್ಯಾಗ ಇಟ್ಟು ನುಡಿಸ್ದೆ, ತೋಳಿನ ಭಾರ ಜೋತುಬಿದ್ದು ಬೆರಳಿನ ತುದಿಗೆ ಇಳಿದ್ರ ತಂತಿ ತಾನ ಕೂತ್ಕೊಂತೈತಿ ಅಂತ ಆಗ ಗೊತ್ತಾತು. ನೀನೂ ಹಂಗ ಮಾಡಿ ನೋಡು. ಆಮೇಲೆ ಹೆಬ್ಬೆಟ್ಟು ವಾಪಸ್ ತಂದು ನಡುಬೆರಳಿನ ಎದುರಿಗೆ ಸುಮ್ನ ತಾಕ್ಸು. ಮೊಣಕೈ ಕೆಳಗ ಜೋಲಬಾರದು, ಜೋತ್ರ ಮಣಿಕಟ್ಟು ಮಡಚ್ತೈತಿ, ಸಣ್ಣ ಕೈ ಇನ್ನಷ್ಟು ಸಣ್ಣದಾಗ್ತೈತಿ.

ಇನ್ನೊಂದು, ತಪ್ಪು ನಿಂದೇ ಅಂತ ತಿಳ್ಕೋಬ್ಯಾಡ. ಕ್ಲಾಸಿನ ಬಾಡಗಿ ಬೇಸಿನ ತಂತಿ ಎಷ್ಟು ಮ್ಯಾಲೆ ಐತೋ ಏನೋ. ಸ್ಕೇಲ್ ಪಟ್ಟಿ ತಗೊಂಡು ಫಿಂಗರ್‌ಬೋರ್ಡಿನ, ಅಂದ್ರ ಬೆರಳು ಒತ್ತೋ ಕರಿ ಹಲಗಿಯ, ಕುದುರಿ ಕಡೆ ಕೊನ್ಯಾಗ ತಂತಿ ಎಷ್ಟು ಮ್ಯಾಲೈತಿ ಅಂತ ಅಳತಿ ಮಾಡು, ಎಲ್ಲಕ್ಕಿಂತ ತೆಳು ಇರೋ ಜಿ ತಂತಿ 5-6 ಮಿಲಿಮೀಟರಿಗಿಂತ ಬಾಳ ಮ್ಯಾಲಿದ್ರ ಕುದುರಿ ಇಳಿಸಿ ಕೊಡ್ರಿ ಅಂತ ಕೇಳು, ತೆಳುವು ತಂತಿ ಹಾಕಿದ್ರ ಇನ್ನಾ ಚಲೋ. ನಾಚ್ಕೋಬ್ಯಾಡ, ದುಡ್ಡು ಕೊಟ್ಟೀವಿ.

ಅಳತಿ ವಾಟ್ಸಾಪ್ ಮಾಡು, ಎಡಗೈದು ಒಂದು ವಿಡಿಯೋನೂ ಹಾಕು, ಹಿಂದಿನಿಂದ ತೆಗಿ, ನನಗ ಹೆಬ್ಬೆಟ್ಟು ಕಾಣಬೇಕು. ನಿಮ್ಮತ್ತಿ ಶೇಂಗಾ ಹೋಳಿಗಿ ಮಾಡ್ಯಾಳ, ಬುಧವಾರದ ಬಸ್ಸಿಗೆ ಕೊಟ್ಟು ಕಳಿಸ್ತೀನಿ.

ನಿನ್ನ ಮಾಮ