ವೊಂಬ್ಯಾಟ್ ಹಿಕ್ಕೆ ಮತ್ತು ನಿನ್ನ ಮೂರು ಬರಹ

ಬಸವನಗುಡಿ, ಬೆಂಗಳೂರು
ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ನಿನ್ನ ಮೇಲ್‌ನಲ್ಲಿ ಏಳು ಸಲ "ಮೇಡಂ" ಅಂತ ಇದೆ. ಎಣಿಸಿದೆ. ಇನ್ನು ಮೇಲೆ ಅಕ್ಕ ಅಂದರೆ ಸಾಕು. ಮೇಡಂ ಅಂದರೆ ಬ್ಯಾಂಕಿನ ಕೌಂಟರ್ ಹಿಂದೆ ಕೂತ ಹಾಗಾಗುತ್ತದೆ.

ಕಳಿಸಿದ ಮೂರೂ ಬರಹ ಓದಿದೆ. ವಾರಕ್ಕೊಂದು ವಿಚಿತ್ರ ಸುದ್ದಿ ಹಿಡಿದು ಅಂಕಣ ಬರೆಯುವ ಆಸೆ ಇದೆ ಅಂದಿದ್ದೀಯ. ಒಳ್ಳೆ ಆಸೆ. ನಾನು ಇಪ್ಪತ್ತೈದು ವರ್ಷದಿಂದ ಮಾಡುತ್ತಿರುವುದೂ ಅದನ್ನೇ. ಮನೆಯಲ್ಲಿ ಇದನ್ನು ಕೆಲಸ ಅಂತ ಇನ್ನೂ ಒಪ್ಪಿಲ್ಲ. ನೆಂಟರು ಕೇಳಿದರೆ ನಮ್ಮಮ್ಮ "ಪೇಪರ್‌ನಲ್ಲಿ ಪ್ರಾಣಿ ಬಗ್ಗೆ ಏನೋ ಬರೀತಾಳೆ" ಅನ್ನುತ್ತಿದ್ದರು. ದನದ ಡಾಕ್ಟರ್ ಆಗಬೇಕಿದ್ದ ಮಗಳು ದಾರಿ ತಪ್ಪಿದ ಹಾಗೆ.

ಮೊದಲು ವೊಂಬ್ಯಾಟ್ ಬಗ್ಗೆ. ಆಸ್ಟ್ರೇಲಿಯಾದ ಈ ಗುಂಡು ಪ್ರಾಣಿಯ ಹಿಕ್ಕೆ ಚೌಕವಾಗಿರುತ್ತದೆ ಅಂತ ಬರೆದು, "ಮೈಸೂರು ಪಾಕ್ ಕತ್ತರಿಸಿಟ್ಟ ಹಾಗೆ" ಅಂತ ಸೇರಿಸಿದ್ದೀಯ. ನಕ್ಕೆ. ಕಾಫಿ ಲೋಟ ಪಕ್ಕಕ್ಕಿಟ್ಟು ಮತ್ತೊಮ್ಮೆ ನಕ್ಕೆ. ಆದರೆ ಆಮೇಲೆ ಏನಾಯಿತು? ಮುಂದಿನ ಆರು ಪ್ಯಾರಾದಲ್ಲೂ ಅದೇ ಜೋಕು. ಒಂದರಲ್ಲಿ ಬರ್ಫಿ, ಇನ್ನೊಂದರಲ್ಲಿ ಚೌಕ ಸಕ್ಕರೆ, ಕೊನೆಗೆ ಲೂಡೋ ದಾಳ. ಅಂಗಡಿ ಬದಲಾಯಿತು, ಸರಕು ಅದೇ.

ಚೌಕ ಹೇಗಾಗುತ್ತದೆ ಅಂತ ನೀನು ಒಂದು ಸಾಲೂ ಬರೆದಿಲ್ಲ. ನಿಜವಾದ ತಮಾಷೆ ಇರುವುದು ಅಲ್ಲಿ. ಆ ಪ್ರಾಣಿಯ ಹಿಂಭಾಗ ಚೌಕವಾಗಿಲ್ಲ. ಎಲ್ಲರದ್ದೂ ಹೇಗೋ ಅದರದ್ದೂ ಹಾಗೇ. ಚೌಕವಾಗುವುದು ಒಳಗೆ, ಕರುಳಿನ ಕೊನೆಯ ಭಾಗದಲ್ಲಿ. ಕರುಳಿನ ಗೋಡೆ ಒಂದೇ ಸಮ ಇಲ್ಲ. ಕೆಲವು ಕಡೆ ಬಿಗಿ, ಕೆಲವು ಕಡೆ ಸಡಿಲ. ಬಿಗಿ ಇದ್ದಲ್ಲಿ ಬೇಗ ಕುಗ್ಗುತ್ತದೆ, ಸಡಿಲ ಇದ್ದಲ್ಲಿ ನಿಧಾನವಾಗಿ. ಒಳಗಿರುವುದು ಒಣಗುತ್ತಾ ಒಣಗುತ್ತಾ ಮೂಲೆ ಪಡೆಯುತ್ತದೆ. ಅಚ್ಚಿಲ್ಲ, ಚಾಕುವಿಲ್ಲ, ಬರೀ ಹಿಸುಕಾಟ. ಇದನ್ನು ಕಂಡುಹಿಡಿದವರು ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತ ವೊಂಬ್ಯಾಟ್‌ಗಳ ಕರುಳು ತರಿಸಿಕೊಂಡು ನೋಡಿದರು. 2019ರಲ್ಲಿ ಅವರಿಗೆ ಇಗ್ ನೊಬೆಲ್ ಅನ್ನುವ ತಮಾಷೆಯ ಬಹುಮಾನ ಸಿಕ್ಕಿತು. ವೊಂಬ್ಯಾಟ್ ತನ್ನ ಹಿಕ್ಕೆಯನ್ನು ಬಂಡೆ, ಮರದ ದಿಮ್ಮಿ ಇಂಥ ಎತ್ತರದ ಜಾಗದಲ್ಲಿ ಇಡುತ್ತದೆ, ಇದು ನನ್ನ ಏರಿಯಾ ಅಂತ ಸಾರಲು ಇರಬೇಕು ಅಂತ ಊಹೆ. ದುಂಡಗಿದ್ದರೆ ಉರುಳಿ ಬೀಳುತ್ತಿತ್ತು. ನಮ್ಮ ಬೀದಿಗಳಲ್ಲಿ ಫ್ಲೆಕ್ಸ್ ಕಟ್ಟುವವರಿಗೂ ಇದಕ್ಕೂ ಎಷ್ಟು ದೂರ, ನೀನೇ ಹೇಳು. ಆ ಸಾಲು ನಿನ್ನ ಬರಹದಲ್ಲಿ ಇರಬೇಕಿತ್ತು. ಸುಮ್ನೆ ಬಿಟ್ಟುಕೊಟ್ಟೆ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ನಾನು ಮಾಡಿದ್ದು ಇದಕ್ಕಿಂತ ಕೆಟ್ಟದ್ದು.

2001ರ ಮಾತು. ಅಂಕಣ ಶುರುವಾಗಿ ಒಂದು ವರ್ಷವೂ ಆಗಿರಲಿಲ್ಲ. ಆ ವರ್ಷ ಇಗ್ ನೊಬೆಲ್ ನಮ್ಮ ಊರಿಗೇ ಬಂತು. 1991ರಿಂದ ಅಮೆರಿಕದಲ್ಲಿ ಕೊಡುತ್ತಿರುವ ಬಹುಮಾನ ಇದು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಅಂತ. ಬಂದದ್ದು ನಿಮ್ಹಾನ್ಸ್‌ನ ಚಿತ್ತರಂಜನ್ ಆಂಡ್ರಾಡೆ ಮತ್ತು ಬಿ.ಎಸ್. ಶ್ರೀಹರಿ ಅವರಿಗೆ, ಸಾರ್ವಜನಿಕ ಆರೋಗ್ಯ ವಿಭಾಗದಲ್ಲಿ. ವಿಷಯ ಏನು ಗೊತ್ತಾ? ಹದಿಹರೆಯದ ಮಕ್ಕಳು ಮೂಗಿನೊಳಗೆ ಬೆರಳು ಹಾಕುವುದು.

ಅಂಕಣಕಾರ್ತಿಗೆ ಇನ್ನೇನು ಬೇಕು? ಒಂದೇ ಕೂತಲ್ಲಿ ಬರೆದೆ. "ಜಗತ್ತೆಲ್ಲ ಮೂಗಿನ ಮೇಲೆ ಬೆರಳಿಟ್ಟರೆ ಬೆಂಗಳೂರು ಮೂಗಿನೊಳಗೇ ಇಟ್ಟಿತು" ಅಂತ ಶುರು. ದುಡ್ಡು ದಂಡ, ಕೆಲಸವಿಲ್ಲದ ಬಡಗಿ, ಹೀಗೆ ಏನೇನೋ. ಆಫೀಸಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ಎರಡು ವಾರ ನೆಲದ ಮೇಲೆ ನಡೆಯಲಿಲ್ಲ.

ಮೂರನೇ ವಾರ ಒಂದು ಪೋಸ್ಟ್ ಕಾರ್ಡ್ ಬಂತು. ಇಂಕ್ ಪೆನ್ನಿನ ದುಂಡು ಅಕ್ಷರ. ಎರಡೇ ಸಾಲು. "ಶ್ಲೇಷೆ ಚೆನ್ನಾಗಿದೆ. ತಾವು ಆ ಪ್ರಬಂಧ ಓದಿದ್ದೀರಾ?" ಕೆಳಗೆ ಹೆಸರಿಲ್ಲ, ವಿಳಾಸವಿಲ್ಲ.

ಓದಿರಲಿಲ್ಲ. ಮೆಡಿಕಲ್ ಓದುತ್ತಿದ್ದ ಗೆಳತಿಯ ತಮ್ಮನನ್ನು ಕಾಡಿ ಜೆರಾಕ್ಸ್ ತರಿಸಿಕೊಂಡೆ. ಅದಕ್ಕೂ ಕೆಲವು ವರ್ಷ ಮೊದಲು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ದೊಡ್ಡವರ ಮೇಲೆ ಇಂಥದ್ದೇ ಸಮೀಕ್ಷೆ ಆಗಿತ್ತು. ಇಲ್ಲಿ ಇವರು ನಾಲ್ಕು ಶಾಲೆಗಳ 200 ಮಕ್ಕಳನ್ನು ಕೇಳಿದರು. ಹೆಚ್ಚುಕಡಿಮೆ ಎಲ್ಲರೂ ಒಪ್ಪಿಕೊಂಡರು. ನಡುಮಟ್ಟದ ಲೆಕ್ಕ ದಿನಕ್ಕೆ 4 ಸಲ. ನೂರಕ್ಕೆ ಏಳೆಂಟು ಮಕ್ಕಳು ದಿನಕ್ಕೆ 20ಕ್ಕಿಂತ ಜಾಸ್ತಿ ಸಲ. ಸುಮಾರು ನೂರಕ್ಕೆ 17 ಮಕ್ಕಳು "ಇದು ನನಗೆ ನಿಜವಾಗಿಯೂ ತೊಂದರೆ" ಅಂದುಕೊಂಡಿದ್ದರು. ಉಗುರು ಕಚ್ಚುವುದು, ಕೂದಲು ಕೀಳುವುದು, ಒಂದೇ ಜಾಗ ಕೆರೆಯುವುದು ಇವೂ ಲೆಕ್ಕದಲ್ಲಿ ಸಿಕ್ಕವು. ಮನೋವೈದ್ಯರು ಇದನ್ನೆಲ್ಲ ಯಾಕೆ ಕೇಳುತ್ತಾರೆ ಅಂತ ಆಗ ತಲೆಗೆ ಹೋಯಿತು. ಆ 17ರಲ್ಲಿ ಒಂದು ಮಗು ಯಾರಿಗೂ ಹೇಳಲಾರದೆ ಕೂತಿರುತ್ತದೆ. ಅದರ ಮೇಲೆ ನಾನು ಬೆನ್ನು ತಟ್ಟಿಸಿಕೊಂಡಿದ್ದೆ.

ಆದರೆ ನನ್ನ ಹೊಟ್ಟೆ ಉರಿಸಿದ್ದು ಅದಲ್ಲ. ಬಡವರ ಮಕ್ಕಳು, ಸಾಹುಕಾರರ ಮಕ್ಕಳು, ಯಾವ ವರ್ಗದಲ್ಲೂ ಈ ಅಭ್ಯಾಸದಲ್ಲಿ ವ್ಯತ್ಯಾಸ ಸಿಗಲಿಲ್ಲ ಅಂತ ಅದರಲ್ಲಿತ್ತು. ಯೋಚನೆ ಮಾಡು. ನೀರು, ರಸ್ತೆ, ಶಾಲೆ, ನೆರಳು, ಯಾವುದರಲ್ಲೂ ಸಮಾನತೆ ಇಲ್ಲದ ಊರಿನಲ್ಲಿ ಕೊನೆಗೂ ಒಂದು ಕಡೆ ಸಿಕ್ಕಿದೆ. ಮೂಗಿನ ಹೊಳ್ಳೆಯಲ್ಲಿ! ನನ್ನ ಹತ್ತು ಶ್ಲೇಷೆಗಿಂತ ದೊಡ್ಡ ಜೋಕು ಆ ಒಂದು ಸಾಲಿನಲ್ಲಿ ಆರಾಮಾಗಿ ಕೂತಿತ್ತು. ನಾನು ಬಾಗಿಲಲ್ಲೇ ನಿಂತು ಗಲಾಟೆ ಮಾಡಿ ಬಂದಿದ್ದೆ.

ಇನ್ನೊಂದು. ಬಹುಮಾನ ತೆಗೆದುಕೊಳ್ಳಲು ಹಾರ್ವರ್ಡ್‌ಗೆ ಹೋದ ಆಂಡ್ರಾಡೆ ಅಲ್ಲಿ ಏನು ಹೇಳಿದರು ಗೊತ್ತಾ? ಕೆಲವರು ಬೇರೆಯವರ ವ್ಯವಹಾರದಲ್ಲಿ ಮೂಗು ತೂರಿಸುತ್ತಾರೆ, ನಾನು ಬೇರೆಯವರ ಮೂಗಿನಲ್ಲಿ ನನ್ನ ವ್ಯವಹಾರ ತೂರಿಸಿದೆ ಅಂತ. ಅಲ್ಲಿಗೆ ನನ್ನ ಕಥೆ ಮುಗಿಯಿತು. ನಾನು ಯಾರನ್ನು ನೋಡಿ ನಕ್ಕಿದ್ದೆನೋ ಅವರು ನನಗಿಂತ ಮೊದಲೇ, ನನಗಿಂತ ಚೆನ್ನಾಗಿ ನಕ್ಕು ಮುಗಿಸಿದ್ದರು.

ಆ ಪೋಸ್ಟ್ ಕಾರ್ಡ್ ಈಗಲೂ ನನ್ನ ಮೇಜಿನ ಗಾಜಿನ ಕೆಳಗಿದೆ. ಇಂಕ್ ಮಾಸಿದೆ, ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇನ್ನೂ ಗಟ್ಟಿಯಾಗಿದೆ.

ನಿನ್ನ ಎರಡನೇ ಬರಹ, ವೆನಿಸ್ ಡಾಲ್ಫಿನ್. ಇದನ್ನು ಎಸೆದುಬಿಡು. 2020ರ ಲಾಕ್‌ಡೌನ್‌ನಲ್ಲಿ ಕಾಲುವೆಗೆ ಡಾಲ್ಫಿನ್ ಬಂತು ಅಂತ ಓಡಾಡಿದ ವಿಡಿಯೊ ವೆನಿಸ್‌ನದ್ದಲ್ಲ, ಸಾರ್ಡೀನಿಯಾ ದ್ವೀಪದ ಬಂದರಿನದ್ದು. ಚೀನಾದ ಚಹಾ ತೋಟದಲ್ಲಿ ಆನೆ ಹೆಂಡ ಕುಡಿದು ಮಲಗಿತು ಅಂತ ನೀನು ಕೊನೆಗೆ ಸೇರಿಸಿದ್ದೂ ಆಗಲೇ ಸುಳ್ಳು ಅಂತ ಗೊತ್ತಾಗಿತ್ತು. ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಅದು ಇನ್ನೂ ಆರು ತಿಂಗಳಿಗೊಮ್ಮೆ ಎದ್ದು ಬರುತ್ತದೆ, "ಪ್ರಕೃತಿ ಮಾತೆ" ಅನ್ನೋ ಕೈಮುಗಿಯುವ ಗುರುತಿನ ಜೊತೆ. ವಿಚಿತ್ರ ಸುದ್ದಿಯ ವ್ಯಾಪಾರದಲ್ಲಿ ನಮಗಿರುವ ಬಂಡವಾಳ ಒಂದೇ. "ನಂಬಲಿಕ್ಕೆ ಆಗಲ್ಲ, ಆದರೆ ನಿಜ" ಅನ್ನುವುದು. ಅದರಲ್ಲಿ ಎರಡನೇ ಅರ್ಧ ಹೋದರೆ ಅಂಗಡಿ ಮುಚ್ಚಬೇಕು. ಹಾಗೇ, "ವಿಜ್ಞಾನಿಗಳು ಹೇಳುತ್ತಾರೆ" ಅಂತ ಬರೆಯುವ ಮೊದಲು ಯಾರು, ಎಲ್ಲಿ, ಎಷ್ಟು ಇಲಿ ಅಂತ ನೋಡು. ಇಲಿಗೆ ಆದದ್ದನ್ನು ಮನುಷ್ಯರ ತಲೆಗೆ ಕಟ್ಟಬೇಡ.

ಮೂರನೆಯದು ಪರವಾಗಿಲ್ಲ. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಹೆಸರಿನ ಸಹಸ್ರಪದಿ. ಮಳೆಗಾಲದಲ್ಲಿ ಮುಟ್ಟಿದರೆ ಚಕ್ಕುಲಿ ಹಾಗೆ ಸುತ್ತಿಕೊಳ್ಳುತ್ತಲ್ಲ, ಆ ಜಾತಿ. 2022ರಲ್ಲಿ ಹೆಸರಿಟ್ಟ ಸಂಶೋಧಕರಲ್ಲಿ ಒಬ್ಬರಿಗೆ ಓದುವ ಕಾಲದ ಕಷ್ಟಸುಖದಲ್ಲಿ ಆಕೆಯ ಹಾಡು ಜೊತೆಗಿತ್ತಂತೆ. ಇಷ್ಟು ಬರೆದಿದ್ದೀಯ. ಆದರೆ ಅದೇ ಪ್ರಬಂಧದಲ್ಲಿ ಒಟ್ಟು 17 ಹೊಸ ಪ್ರಭೇದಗಳಿದ್ದವು. ಒಂದಕ್ಕೆ ಅವರು ತಮ್ಮ ಹೆಂಡತಿಯ ಹೆಸರನ್ನೂ ಇಟ್ಟಿದ್ದಾರೆ. ಆ ಹುಳದ ಬಗ್ಗೆ ಎಷ್ಟು ಪೇಪರ್ ತಲೆಬರಹ ಕೊಟ್ಟವು? ಆ ಮನೆಯಲ್ಲಿ ಅವತ್ತು ಸಂಜೆ ಯಾವ ಹುಳದ ಮಾತಾಡಿರಬಹುದು? ಅಲ್ಲಿ ಬೇಕಾದಷ್ಟು ಜಾಗ ಇತ್ತು, ನೀನು ಹಾಡಿನ ಸಾಲುಗಳ ಮೇಲೆ ಆಟ ಆಡುತ್ತಾ ಕೂತೆ. ಹಾಡು ಗೊತ್ತಿಲ್ಲದ ನನ್ನಂಥವಳು ಹೊರಗೇ ಉಳಿದೆ.

ಹೆಸರಿನ ಮಾತು ಬಂತು ಅಂತ ಹೇಳುತ್ತೇನೆ. ಸಚಿನ್ ತೆಂಡೂಲ್ಕರ್ ಹೆಸರಿನ ಜೇಡ ಇದೆ, 2019ರದ್ದು, ಬಿಡು. ನನಗೆ ಇಷ್ಟವಾದದ್ದು ನಮ್ಮ ಪಶ್ಚಿಮಘಟ್ಟದ ಒಂದು ಕಪ್ಪೆ. 2014ರಲ್ಲಿ ಅದಕ್ಕೆ ಕೊಟ್ಟ ಹೆಸರು ನಿಕ್ಟಿಬಟ್ರಾಕಸ್ ಕುಂಬಾರ. ಹೌದು, ನಮ್ಮ ಕುಂಬಾರನೇ. ಹೆಣ್ಣು ತಲೆಕೆಳಗಾಗಿ ಮುಂಗಾಲ ಮೇಲೆ ನಿಂತು ಮೊಟ್ಟೆ ಇಡುತ್ತದೆ. ಆಮೇಲೆ ಗಂಡು ಮುಂಗೈಯಲ್ಲಿ ಕೆಸರು ಎತ್ತಿ ತಂದು ಮೊಟ್ಟೆಗೆ ಮೆತ್ತುತ್ತದೆ. ಹಿಡಿ ಹಿಡಿ, ಮೆತ್ತಿ ಮೆತ್ತಿ. ಇದರ ಬಗ್ಗೆ ಜೋಕು ಮಾಡಲು ಹೊರಟು ನಾಲ್ಕು ಕಾಗದ ಹರಿದೆ. ಕೊನೆಗೆ ನಡೆದದ್ದನ್ನು ನಡೆದ ಹಾಗೇ ಬರೆದೆ. ನನ್ನ ಅಂಕಣಕ್ಕೆ ಬಂದ ಕಾಗದಗಳಲ್ಲಿ ಅದಕ್ಕೆ ಬಂದಷ್ಟು ಬೇರೆ ಯಾವುದಕ್ಕೂ ಬಂದಿಲ್ಲ.

ಕಡಿಮೆ ಮಾತಿನ ಬಗ್ಗೆ ಕಲಿಯಬೇಕು ಅಂದರೆ 2019ರ ಆ ಮೂನ್‌ವಾಕ್ ವಿಡಿಯೊ ಮತ್ತೆ ನೋಡು. ಚಂದ್ರಯಾನ-2 ಇಳಿಯಲು ಇನ್ನು ಕೆಲವೇ ದಿನ ಇತ್ತು. ಕಲಾವಿದ ಬಾದಲ್ ನಂಜುಂಡಸ್ವಾಮಿ ಮಾಡಿಸಿದ್ದು. ಬೆಳ್ಳಿ ಬಣ್ಣದ ಅಂಗಿ ತೊಟ್ಟ ಗಗನಯಾತ್ರಿ ಕುಳಿಗಳ ನಡುವೆ ತೇಲಿದ ಹಾಗೆ ಹೆಜ್ಜೆ ಇಡುತ್ತಾನೆ. ಚಂದ್ರನೇ ಅಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಒಂದು ಆಟೊ ಹೋಗುತ್ತದೆ. ಅಷ್ಟೇ. ಯಾರೂ "ಇದು ಬೆಂಗಳೂರಿನ ರಸ್ತೆ" ಅಂತ ಹೇಳುವುದಿಲ್ಲ. ನೀನಾಗಿದ್ದರೆ ಆಟೊ ಹೋದ ಮೇಲೆ ಮೂರು ಆಶ್ಚರ್ಯಸೂಚಕ ಹಾಕಿ, ಗುಂಡಿಗಳ ಬಗ್ಗೆ ಎರಡು ಪ್ಯಾರಾ ಬರೆಯುತ್ತಿದ್ದೆ. ಆಟೊ ಬಂದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು ಕಣೋ. ಇದು ನನಗೂ ಪ್ರತಿ ವಾರ ಕಷ್ಟವೇ.

ವಿಷಯ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀಯ. ಆಸ್ಟ್ರೇಲಿಯಾವರೆಗೆ ಹೋಗಲೇಬೇಕು ಅಂತಿಲ್ಲ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಒಂದು ಕಾಂಕ್ರೀಟ್ ಗೋಡೆ. ಗೋಡೆಯ ಮೇಲೆ ಪಾಚಿ. ಪಾಚಿಯೊಳಗೆ ನೀರುಕರಡಿ, ಬರಿಗಣ್ಣಿಗೆ ಕಾಣದಷ್ಟು ಸಣ್ಣದು, ಎಂಟು ಮೊಂಡು ಕಾಲು. ಅಲ್ಲಿಯವರು ಅದರ ಮೇಲೆ ಕ್ರಿಮಿ ಕೊಲ್ಲುವ ನೇರಳಾತೀತ ದೀಪ ಹಾಕಿದರು. ಬೇರೆ ಜಾತಿಯದ್ದು ಸತ್ತಿತು, ಇದು ಸಾಯಲಿಲ್ಲ. ಬದಲಿಗೆ ನೀಲಿಯಾಗಿ ಹೊಳೆಯಿತು. ಕೊಲ್ಲುವ ಬೆಳಕನ್ನು ಮೈಮೇಲೆ ತೆಗೆದುಕೊಂಡು ನಿರಪಾಯದ ನೀಲಿ ಬೆಳಕು ಮಾಡಿ ಬಿಡುತ್ತದೆ. 2020ರಲ್ಲಿ ಪ್ರಕಟವಾದಾಗ ಆ ತಳಿಗೆ ಇಟ್ಟ ಗುರುತು ಬಿಎಲ್‌ಆರ್. ವಿಮಾನದ ಟಿಕೆಟ್ ಮೇಲೆ ಇರುತ್ತಲ್ಲ, ಅದೇ ಬಿಎಲ್‌ಆರ್. ಇದರ ಮೇಲೆ ನಾನಿನ್ನೂ ಬರೆದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ ಜೊತೆ ಹೋಲಿಸುವ ಆಸೆ ಬಂದಾಗಲೆಲ್ಲ ಪೆನ್ನು ಕೆಳಗಿಡುತ್ತೇನೆ. ಅದಕ್ಕಿಂತ ಒಳ್ಳೆಯದು ಹೊಳೆದರೆ ನೀನೇ ಬರೆದುಕೋ, ಬಿಟ್ಟುಕೊಟ್ಟಿದ್ದೇನೆ.

ಈಗ ಮಾಡಬೇಕಾದ್ದು ಇಷ್ಟು. ಡಾಲ್ಫಿನ್ ಬೇಡ. ಸಹಸ್ರಪದಿಗೆ ಆ ಹೆಂಡತಿಯ ಪ್ಯಾರಾ ಸೇರಿಸು. ವೊಂಬ್ಯಾಟ್ ಪೂರ್ತಿ ಮತ್ತೆ ಬರೆ, ಕರುಳಿನಿಂದ ಶುರು ಮಾಡಿದರೂ ಸರಿ. ಬರೆದದ್ದನ್ನು ಮೇಲ್ ಮಾಡಬೇಡ. ಮುಂದಿನ ಶನಿವಾರ ಗಾಂಧಿ ಬಜಾರಿಗೆ ಬಾ, ಹತ್ತು ಗಂಟೆಗೆ. ಬೈಟು ಕಾಫಿ ತೆಗೆದುಕೊಂಡು ನಿಂತುಕೊಂಡೇ ಜೋರಾಗಿ ಓದಿ ಹೇಳು. ಪಕ್ಕದ ಟೇಬಲ್‌ನಲ್ಲಿ ಇಡ್ಲಿ ತಿನ್ನುತ್ತಿರುವವರು ತಟ್ಟೆ ಎತ್ತಿಕೊಂಡು ದೂರ ಹೋದರೆ ಇನ್ನೊಂದು ಸಲ ತಿದ್ದೋಣ. ತಟ್ಟೆ ಸಮೇತ ಹತ್ತಿರ ಬಂದರೆ ಅಚ್ಚಿಗೆ ಕೊಡೋಣ.

ಕಾಫಿ ನನ್ನದು. ಮೈಸೂರು ಪಾಕ್ ಮಾತ್ರ ಕೇಳಬೇಡ. ನಿನ್ನ ದಯದಿಂದ ನಾನು ಅದನ್ನು ತಿನ್ನುವ ಸ್ಥಿತಿಯಲ್ಲಿ ಇಲ್ಲ.

ಇಂತಿ,
ಅಕ್ಕ